ಮುಂಬಯಿಯ ಹೆಸರು ಹೊತ್ತ ರಕ್ತ

ತಂದೆಯ ರಕ್ತ ‘ಓ’ ಗುಂಪು, ತಾಯಿಯದೂ ‘ಓ’, ಮಗುವಿನದು ಮಾತ್ರ ‘ಬಿ’ ಎಂದು ಚೀಟಿಯಲ್ಲಿ ಬರೆದು ಬಂದರೆ ಆ ಮನೆಯ ಗತಿ ಏನಾದೀತು? ಅರ್ಧಂಬರ್ಧ ತಿಳಿದವರು ಕೂಡಲೇ ತಾಯಿಯ ಶೀಲದ ಮೇಲೆ ಬೆರಳು ತೋರಿಸುತ್ತಾರೆ. ಅಂಥ ಚೀಟಿಯೊಂದನ್ನೇ ನಂಬಿ ಸಂಸಾರ ಒಡೆಯಬಾರದೆಂದು ತಿಳಿಸುವುದಕ್ಕಾಗಿ ಈ ನಾಲ್ಕು ಮಾತು ಬರೆಯುತ್ತಿದ್ದೇವೆ. ನಾವೆಲ್ಲ ಹೊಟ್ಟೆಪಾಡಿಗೆ ಬಂದು ಸೇರಿದ ಈ ಮುಂಬಯಿಗೂ ಈ ವಿಷಯಕ್ಕೂ ಹತ್ತಿರದ ನಂಟಿದೆ.

ಎಲ್ಲರ ರಕ್ತವೂ ಒಂದೇ ಬಗೆಯದಲ್ಲವೆಂದು 1901ರಲ್ಲಿ ತೋರಿಸಿಕೊಟ್ಟವನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ಅದಕ್ಕಾಗಿ ಅವನಿಗೆ 1930ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಎ, ಬಿ, ಎಬಿ, ಓ ಎಂಬ ನಾಲ್ಕು ಗುಂಪುಗಳು ಇಂದು ಎಲ್ಲರಿಗೂ ಗೊತ್ತು. ಆದರೆ ಈ ಭೇದ ಇರುವುದೆಲ್ಲಿ?

ರಕ್ತದ ಕೆಂಪು ಕಣದ ಮೈಮೇಲೆ ಸಕ್ಕರೆಯ ಜಾತಿಗೆ ಸೇರಿದ ಅಣುಗಳು ಸಣ್ಣ ಸರಪಳಿಗಳಾಗಿ ನಿಂತಿರುತ್ತವೆ. ಸರಪಳಿಗೆ ಒಂದೊಂದೇ ಕೊಂಡಿ ಸೇರಿಸುವ ಕೆಲಸಗಾರನಿಗೆ ಕಿಣ್ವವೆಂದು ಹೆಸರು. ಮೊದಲು ‘ಎಚ್’ ಎಂಬ ಕಿಣ್ವ ಬಂದು ಫ್ಯೂಕೋಸ್ ಎಂಬ ಸಕ್ಕರೆಯನ್ನು ಜೋಡಿಸುತ್ತದೆ. ಅದರ ಮೇಲೆ ‘ಎ’ ಕಿಣ್ವ ಒಂದು ಬಗೆಯ ಸಕ್ಕರೆಯನ್ನೂ ‘ಬಿ’ ಕಿಣ್ವ ಇನ್ನೊಂದು ಬಗೆಯದನ್ನೂ ಸೇರಿಸುತ್ತವೆ. ಈ ಎರಡು ಕಿಣ್ವಗಳೂ 354 ಅಮೈನೋ ಆಮ್ಲಗಳಿಂದಾದವು. ಅವುಗಳಲ್ಲಿ ಭೇದವಿರುವುದು ಕೇವಲ 4 ಕಡೆ! ಸಾಮಾನ್ಯವಾದ ‘ಓ’ ಗುಂಪಿನಲ್ಲಿ ವಂಶವಾಹಿಯ ಬರವಣಿಗೆಯಿಂದ ಒಂದೇ ಒಂದು ಅಕ್ಷರ ಬಿಟ್ಟುಹೋಗಿ ಕಿಣ್ವ ನಿಷ್ಪ್ರಯೋಜಕವಾಗಿರುತ್ತದೆ. ಇದನ್ನು 1990ರಲ್ಲಿ ಯಾಮಾಮೊಟೊ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಆದುದರಿಂದ ‘ಓ’ ಗುಂಪಿನವರ ಕಣದ ಮೇಲೆ ‘ಎಚ್’ ಗುರುತು ಹಾಗೆಯೇ ಉಳಿಯುತ್ತದೆ.

ಮಗುವಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ವಂಶವಾಹಿ ಬರುತ್ತದೆ. ಎರಡೂ ‘ಓ’ ಆಗಿದ್ದರೆ ಮಾತ್ರ ಮಗು ‘ಓ’. ಈ ಲೆಕ್ಕದಂತೆ ‘ಓ’ ದಂಪತಿಗಳಿಗೆ ‘ಬಿ’ ಮಗು ಹುಟ್ಟಬಾರದು. ಸಾಮಾನ್ಯವಾಗಿ ಲೆಕ್ಕ ಸರಿಯೇ. ಆದರೆ ಅದನ್ನು ಮೀರಿದ ರಕ್ತವೊಂದನ್ನು ಮುಂಬಯಿಯ ಡಾ. ವೈ. ಎಂ. ಭೇಂಡೆ ಮತ್ತು ಅವರ ಸಹೋದ್ಯೋಗಿಗಳು ಕಂಡು, 1952ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದಕ್ಕೆ ಲೋಕದಲ್ಲೆಲ್ಲ ‘ಬಾಂಬೆ ರಕ್ತ’ವೆಂದೇ ಹೆಸರಾಯಿತು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಈ ಗುಂಪಿನವರೆಂದು ಅಂದಾಜು. ಯುರೋಪಿನಲ್ಲಿ ಇದು ಇನ್ನೂ ಬಹಳ ವಿರಳ.

ಇವರಲ್ಲಿ ‘ಎಚ್’ ಕಿಣ್ವವೇ ಕೆಲಸ ಮಾಡುವುದಿಲ್ಲ. ಗಿರಣಿಯ ಮಾತಿನಲ್ಲಿ ಹೇಳುವುದಾದರೆ, ನೂಲಿನ ಖಾತೆ ನಿಂತುಹೋದರೆ ಮಗ್ಗದ ಖಾತೆಯಲ್ಲಿ ಎಷ್ಟೇ ನಿಪುಣರಿದ್ದರೂ ಬಟ್ಟೆ ಹೊರಬೀಳುವುದಿಲ್ಲ. ಹಾಗೆಯೇ ಈ ಮನುಷ್ಯನಲ್ಲಿ ‘ಬಿ’ ಕಿಣ್ವ ಚೆನ್ನಾಗಿಯೇ ಇದ್ದರೂ, ಅದಕ್ಕೆ ಆಧಾರವಾದ ‘ಎಚ್’ ಇಲ್ಲದ್ದರಿಂದ ಗುರುತು ಮೂಡುವುದಿಲ್ಲ. ಸಾಧಾರಣ ಪರೀಕ್ಷೆಯಲ್ಲಿ ‘ಓ’ ಎಂದೇ ಕಾಣುತ್ತದೆ. ಆತ ತನ್ನಲ್ಲಿ ಅಡಗಿದ ‘ಬಿ’ ವಂಶವಾಹಿಯನ್ನು ಮಗುವಿಗೆ ಕೊಟ್ಟನೆನ್ನಿ. ತಾಯಿಯಿಂದ ಸರಿಯಾದ ‘ಎಚ್’ ಬಂದರೆ ಮಗು ‘ಬಿ’ ಆಗುತ್ತದೆ. ಇದರಲ್ಲಿ ತಾಯಿಯ ತಪ್ಪೇನು?

ಇನ್ನೊಂದು ಮಾತು ಪ್ರಾಣಕ್ಕೇ ಸಂಬಂಧಿಸಿದ್ದು. ‘ಓ’ ರಕ್ತ ಎಲ್ಲರಿಗೂ ಆಗುತ್ತದೆಂದು ಜನ ನಂಬಿರುತ್ತಾರೆ. ಬಾಂಬೆ ಗುಂಪಿನವರಿಗೆ ಅದು ಆಗುವುದಿಲ್ಲ. ಅವರ ರಕ್ತದಲ್ಲಿ ‘ಎಚ್’ಗೆ ವಿರೋಧಿಯಾದ ವಸ್ತುವಿರುವುದರಿಂದ ‘ಓ’ ರಕ್ತವೂ ಅವರಿಗೆ ವಿಷವಾಗಬಹುದು. ಅವರಿಗೆ ಅವರದೇ ಗುಂಪಿನ ರಕ್ತ ಬೇಕು. ರಕ್ತ ಕೊಡುವ ಮುಂಚೆ ರೋಗಿಯ ರಕ್ತದೊಡನೆ ದಾನಿಯ ರಕ್ತವನ್ನು ಬೆರೆಸಿ ನೋಡುವ ಪರೀಕ್ಷೆಯಲ್ಲಿ ಈ ವಿರೋಧ ಬಯಲಾಗುತ್ತದೆ. ತಡವಾಯಿತೆಂದು ಅದನ್ನು ಬಿಡಿಸಲು ಯಾರೂ ಅವಸರಪಡಿಸಬಾರದು.

ಕೆಲಸ ಮಾಡದ ‘ಎಚ್’ ವಂಶವಾಹಿ ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಈ ಗುಂಪು ಕಾಣಿಸಿಕೊಳ್ಳುತ್ತದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ರೂಢಿ ನಮ್ಮ ಕಡೆ ಹಿಂದಿನಿಂದ ಬಂದದ್ದು. ಒಂದೇ ಮನೆತನದ ವಂಶವಾಹಿ ಎರಡು ಕಡೆಯಿಂದಲೂ ಬಂದು ಸೇರುವ ಸಂಭವ ಅಂಥ ಮದುವೆಗಳಲ್ಲಿ ಹೆಚ್ಚು. ಒಬ್ಬರದು ಬಾಂಬೆ ಗುಂಪೆಂದು ತಿಳಿದರೆ ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳುವುದು ಲೇಸು. ಆಪತ್ತಿನಲ್ಲಿ ಒಬ್ಬರಿಗೊಬ್ಬರು ಆದಾರು.

ಆದುದರಿಂದ ಸದಸ್ಯ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ: ಚೀಟಿಯ ಲೆಕ್ಕ ಕೂಡದಿದ್ದರೆ ಮೊದಲು ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿರಿ, ‘ಎಚ್’ ಇದೆಯೇ ಎಂದು ಕೇಳಿರಿ. ಮನೆಯಲ್ಲಿ ಮಾತು ಬೆಳೆಸುವ ಮುಂಚೆ ವೈದ್ಯರೊಡನೆ ಮಾತಾಡಿರಿ.