ನಿಮಗಿದು ಗೊತ್ತೇ? ಮಾತಿಲ್ಲದೆ ಕಥೆ ಹೇಳುವ ದಾರಿಗಳು

ವಿಡಿಯೋ ಗೇಮ್ ಆಡುವಾಗ ಯಾರೂ ಹೇಳದಿದ್ದರೂ ಎತ್ತ ಹೋಗಬೇಕೆಂಬುದು ನಮಗೆ ಹೊಳೆದುಬಿಡುತ್ತದೆ. ದಾರಿ, ಬೆಳಕು, ಬಿದ್ದ ಗೋಡೆಗಳೇ ಅಲ್ಲಿ ಕಥೆ ಹೇಳುತ್ತವೆ. ಈ ಕಸುಬಿನ ಹಳೆಯ ಪಾಠಗಳನ್ನು ಕಲಿಯಲು ಹಾವೇರಿ ಜಿಲ್ಲೆಯ ಯಲವಿಗಿ ಸ್ಟೇಷನ್ನಿನಲ್ಲಿ ಇಳಿದು ಸುತ್ತಲಿನ ಊರು ತಿರುಗಿದರೂ ಸಾಕು!

● ಈ ಕಲೆಗೆ ‘ಎನ್ವಿರಾನ್‌ಮೆಂಟಲ್ ಸ್ಟೋರಿಟೆಲ್ಲಿಂಗ್’ ಎಂದು ಹೆಸರು. ಗೇಮ್ ಲೋಕಕ್ಕೆ ಇದನ್ನು ಬಿಡಿಸಿ ಹೇಳಿದ ಪ್ರಸಿದ್ಧ ಲೇಖನ 2000ದಲ್ಲಿ ಬಂತು. ಬರೆದ ಡಾನ್ ಕಾರ್ಸನ್ ಅದಕ್ಕೂ ಮುಂಚೆ ಡಿಸ್ನಿ ಪಾರ್ಕುಗಳಿಗೆ ವಿನ್ಯಾಸ ಮಾಡುತ್ತಿದ್ದವರು.

● ನಾಯಿಯನ್ನು ಕರೆದೊಯ್ಯಲು ಮಾಂಸದ ತುಂಡು ತೋರಿಸುವಂತೆ, ಜನರನ್ನು ಸೆಳೆಯಲು ದೂರದಲ್ಲೊಂದು ಎತ್ತರದ ಕಟ್ಟಡ ಬೇಕು ಎನ್ನುತ್ತಿದ್ದ ವಾಲ್ಟ್ ಡಿಸ್ನಿ. ಅದನ್ನು ಕರೆಯುತ್ತಿದ್ದುದೇ ‘ವೀನಿ’ ಎಂದು. 1955ರಲ್ಲಿ ತೆರೆದ ಡಿಸ್ನಿಲ್ಯಾಂಡಿನಲ್ಲಿ ಆ ಕೆಲಸ ಕೋಟೆಯದು.

● ಹಂಪಿ ಬಜಾರಿನಲ್ಲಿ ಆ ಕೆಲಸ ವಿರೂಪಾಕ್ಷ ಗೋಪುರದ್ದು. ಸುಮಾರು 50 ಮೀಟರ್ ಎತ್ತರ. ಬೀದಿಯ ಆ ತುದಿಯಲ್ಲಿ ನಿಂತರೂ ದಾರಿ ಕೇಳಬೇಕಿಲ್ಲ. 2012ರ ‘ಜರ್ನಿ’ ಗೇಮಿನಲ್ಲಿ ಮರಳುಗಾಡಿನಾಚೆ ಹೊಳೆಯುವ ಬೆಟ್ಟದ ಉಪಾಯವೂ ಇದೇ.

● ಬಂಕಾಪುರ ಕೋಟೆಯೊಳಗಿನ ನಗರೇಶ್ವರ ಗುಡಿಗೆ ಜನರಿಟ್ಟ ಹೆಸರು ‘ಅರವತ್ತು ಕಂಬದ ಗುಡಿ’. ತೆರೆದ ಮಂಟಪದಲ್ಲಿ ಬೆಳಕೋ ಬೆಳಕು, ಒಳಮಂಟಪದಲ್ಲಿ ಮಬ್ಬು, ಗರ್ಭಗುಡಿಯಲ್ಲಿ ಕತ್ತಲು. ಹೆಜ್ಜೆಹೆಜ್ಜೆಗೂ ದನಿ ತಾನಾಗಿ ತಗ್ಗುತ್ತದೆ.

● ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ಕತ್ತು ತಾನಾಗಿ ಮೇಲೇಳುತ್ತದೆ. ಎಂಟು ಮೂಲೆಯ ಛತ್ತಿನಿಂದ ಕಲ್ಲಿನ ದೊಡ್ಡ ಕಮಲವೊಂದು ಕೆಳಮುಖವಾಗಿ ಅರಳಿದೆ. ಎಲ್ಲಿ ನಿಲ್ಲಬೇಕು, ಎತ್ತ ನೋಡಬೇಕು ಎಂಬುದು ಶಿಲ್ಪಿಯದೇ ಲೆಕ್ಕ.

● ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಗೇಮಿನ ಮಾತಿನಲ್ಲಿ ಹೇಳುವುದಾದರೆ ಮೂರು ಲೆವೆಲ್. ಸತ್ತ ಮೇಲೂ ಆಟ ಮುಗಿಯುವುದಿಲ್ಲ!

● ಸೋಮನಾಥಪುರದ ಕೇಶವ ಗುಡಿಯ ಸುತ್ತಲಿನ ಕಟ್ಟೆಯ (ಜಗತಿಯ) ಮೇಲೆ ಪ್ರದಕ್ಷಿಣೆ ಹಾಕಿದರೆ ಗೋಡೆಯಲ್ಲಿ ದಕ್ಷಿಣಕ್ಕೆ ರಾಮಾಯಣ, ಹಿಂಬದಿಗೆ ಕೃಷ್ಣಕಥೆ, ಉತ್ತರಕ್ಕೆ ಮಹಾಭಾರತ. ನಿಂತರೆ ಕಥೆಯೂ ನಿಂತಿತು, ನಡೆದರೆ ಮುಂದಕ್ಕೆ.

● 1196ರಲ್ಲಿ ಹೊಯ್ಸಳ ಎರಡನೇ ವೀರಬಲ್ಲಾಳ ಹಾನಗಲ್ಲಿಗೆ ಮುತ್ತಿಗೆ ಹಾಕಿದ. ಅದೇ ವರ್ಷ ಅವನ ದಂಡನಾಯಕ ತರೀಕೆರೆ ಬಳಿಯ ಅಮೃತಾಪುರದಲ್ಲಿ ಗುಡಿ ಕಟ್ಟಿಸಿದ. ಅಲ್ಲಿ ದಕ್ಷಿಣ ಗೋಡೆಯ 70 ಫಲಕಗಳ ರಾಮಾಯಣ ಸಾಗುವುದು ಅಪ್ರದಕ್ಷಿಣೆಯಾಗಿ! ರಾಮನ ಬೆನ್ನು ಹತ್ತಬೇಕೆಂದರೆ ರೂಢಿಯ ದಾರಿ ಬಿಟ್ಟು ತಿರುಗಬೇಕು.

● ಅಮೆರಿಕದ ‘ನಾಟಿ ಡಾಗ್’ ಕಂಪನಿ 2017ರಲ್ಲಿ ತಂದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ಗೇಮಿನ ಕಥೆ ನಡೆಯುವುದು ನಮ್ಮ ಪಶ್ಚಿಮ ಘಟ್ಟದಲ್ಲಿ, ಹೊಯ್ಸಳರ ಪಾಳುಗುಡಿಗಳ ನಡುವೆ. ನಾಯಕಿ ಕ್ಲೋಯಿ ಮೊದಲು ಗೋಪುರ ಹತ್ತಿ ಸುತ್ತ ನೋಡುತ್ತಾಳೆ. ಆಮೇಲೆ ಎತ್ತ ಹೋಗುವುದೆಂಬುದು ಆಡುವವರ ಇಷ್ಟ. ನಿಜವಾದ ಬೇಲೂರು, ಹಳೇಬೀಡಿಗೆ ಹೋಗಲು ಕ್ಲೋಯಿಯಂತೆ ಹಗ್ಗ ಹಿಡಿದು ಜೋತಾಡಬೇಕಿಲ್ಲ, ಬಸ್ಸು ಸಾಕು.

● ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ರೂಪಿಸಿದ ಉತ್ಸವ ರಾಕ್ ಗಾರ್ಡನ್ ಇದೆ. ಒಕ್ಕಲುತನ, ದನಕರು, ಊರ ಕಸುಬುಗಳೆಲ್ಲ ಆಳೆತ್ತರದ ಸಿಮೆಂಟು ಶಿಲ್ಪಗಳಾಗಿ ನಿಂತಿವೆ. ಯಾರೂ ಮಾತಾಡುವುದಿಲ್ಲ, ಯಾರ ಬಳಿ ಮೊದಲು ಹೋಗಿ ನಿಲ್ಲುತ್ತೀರೋ ಕಥೆ ಅಲ್ಲಿಂದಲೇ ಶುರು. ಇಲ್ಲಿ ಜಾಯ್‌ಸ್ಟಿಕ್ ಎಂದರೆ ನಿಮ್ಮ ಕಾಲು.