ಹಳೇ ರೂಟರಿನ ಬಾಗಿಲು ತೆರೆಯದಿದ್ದಾಗ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಳೆಯ ಮನೆಗಳ ಜಂಬಿಟ್ಟಿಗೆ ಗೋಡೆ, ಮಣ್ಣಿನ ಗೋಡೆ ಎಷ್ಟು ದಪ್ಪವೋ ವೈಫೈ ಅಲೆಗಳಿಗೆ ಅಷ್ಟೇ ಕಷ್ಟ. 2.4 ಗಿಗಾಹರ್ಟ್ಜ್ ಅಲೆ ಹೇಗೋ ಒಂದೆರಡು ಗೋಡೆ ದಾಟುತ್ತದೆ. 5 ಗಿಗಾಹರ್ಟ್ಜ್ ಅಲೆ ಪಡಸಾಲೆಯಿಂದ ಹಿತ್ತಲ ಕೋಣೆಗೆ ಹೋಗುವಷ್ಟರಲ್ಲೇ ಸೋತಿರುತ್ತದೆ. ಬೆಳಗಾವಿಯ ಶಹಾಪುರ, ವಡಗಾವಿಯಂಥ ಕಡೆ ಒತ್ತೊತ್ತಾಗಿ ಕಟ್ಟಿದ ಉದ್ದನೆಯ ಮನೆಗಳದೂ ಇದೇ ತೊಂದರೆ. ಹೀಗಾಗಿ ಇನ್ನೊಂದು ರೂಟರ್ ಬೇಕೆನಿಸುತ್ತದೆ, ಹೊಸದರ ಬೆಲೆ ನೋಡಿ ಸೆಕೆಂಡ್ ಹ್ಯಾಂಡ್ ಮನೆಗೆ ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಕೆಡದ ಯಂತ್ರವನ್ನು ಕಸಕ್ಕೆ ಎಸೆಯುವುದಕ್ಕಿಂತ ಇನ್ನೊಬ್ಬರು ಬಳಸುವುದೇ ಒಳ್ಳೆಯದು. ಆದರೆ ತಂದ ದಿನವೇ ಕೇಳಿಬರುವ ದೂರು ಒಂದಿದೆ: ‘ಲಾಗಿನ್ ಆಗುತ್ತಿಲ್ಲ, ಹಳೆಯವರ ಪಾಸ್‌ವರ್ಡ್ ಬೇಕು.’ ಈ ದೂರಿನ ಮೊದಲರ್ಧ ನಿಜ, ಎರಡನೆಯ ಅರ್ಧ ಬಹಳ ಸಲ ತಪ್ಪು. ಲಾಗಿನ್ ಆಗದಿರಲು ಒಂದಕ್ಕೊಂದು ಸಂಬಂಧವಿಲ್ಲದ ಹಲವು ಕಾರಣಗಳಿವೆ. ಪಾಸ್‌ವರ್ಡ್ ಅವುಗಳಲ್ಲಿ ಒಂದು, ಅದೂ ಎಲ್ಲಕ್ಕಿಂತ ಸುಲಭವಾಗಿ ಬಗೆಹರಿಯುವಂಥದ್ದು.

ಪುಟವೇ ತೆರೆಯದಿರುವುದಕ್ಕೂ ಪುಟ ತೆರೆದು ಪಾಸ್‌ವರ್ಡ್ ಒಪ್ಪದಿರುವುದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಗಮನಿಸಬೇಕು. ಪುಟ ತೆರೆಯದಿದ್ದರೆ ಪಾಸ್‌ವರ್ಡಿನ ಮಾತೇ ಬರುವುದಿಲ್ಲ, ಅಲ್ಲಿ ತೊಡಕಿರುವುದು ವಿಳಾಸದಲ್ಲಿ. ರೂಟರಿನ ಒಳಗೆ ಒಂದು ಪುಟ್ಟ ಕಂಪ್ಯೂಟರ್ ಇದ್ದು, ಅದು ತನ್ನದೇ ಜಾಲಪುಟವನ್ನು 192.168.1.1 ಅಥವಾ 192.168.0.1ರಂಥ ವಿಳಾಸದಲ್ಲಿ ತೋರಿಸುತ್ತದೆ. 192.168ರಿಂದ ಶುರುವಾಗುವ ಸಂಖ್ಯೆಗಳನ್ನು ಖಾಸಗಿ ಜಾಲಗಳಿಗೆಂದೇ ಮೀಸಲಿಟ್ಟಿದ್ದಾರೆ. ಈ ಕುರಿತ ಇಂದಿನ ನಿಯಮ 1996ರದು. ಬೆಳಗಾವಿಯಲ್ಲೂ ಮಾರುತಿ ಗಲ್ಲಿ ಇದೆ, ಸುತ್ತಲಿನ ಊರುಗಳಲ್ಲೂ ಇದೆ. ಊರಿನೊಳಗೆ ನಿಂತು ಕೇಳಿದರೆ ಮಾತ್ರ ಆ ಹೆಸರು ಸರಿಯಾದ ಜಾಗಕ್ಕೆ ಒಯ್ಯುತ್ತದೆ. ಈ ವಿಳಾಸಗಳೂ ಹಾಗೆಯೇ: ನಿಮ್ಮ ಫೋನು ಆ ರೂಟರಿನ ಜಾಲದೊಳಗೆ ಇದ್ದರಷ್ಟೇ ಅರ್ಥ ಪಡೆಯುತ್ತವೆ. ಇಲ್ಲೇ ಫೋನು ಕೈಕೊಡುವುದು. ಹೊಸದಾಗಿ ಹಚ್ಚಿದ ರೂಟರಿಗೆ ಇನ್ನೂ ಇಂಟರ್ನೆಟ್ ಬಂದಿರುವುದಿಲ್ಲ. ಅದನ್ನು ಕಂಡ ಫೋನು ತಾನೇ ಮೊಬೈಲ್ ಡೇಟಾಕ್ಕೆ ಹೊರಳಿ, ಕೇಳಿದ ಪುಟವನ್ನು ಹೊರಜಗತ್ತಿನಲ್ಲಿ ಹುಡುಕುತ್ತದೆ. ಅಲ್ಲಿ ಅದು ಸಿಗುವುದಿಲ್ಲ. ಡೇಟಾ ಆಫ್ ಮಾಡಿ ಮತ್ತೆ ಪ್ರಯತ್ನಿಸಿದರೆ ಎಷ್ಟೋ ರೂಟರುಗಳು ಆ ಕ್ಷಣವೇ ಬಾಗಿಲು ತೆರೆಯುತ್ತವೆ. ವಿಳಾಸ ಯಾವುದೆಂದು ಊಹಿಸಬೇಕಾಗಿಯೂ ಇಲ್ಲ. ಫೋನಿನ ವೈಫೈ ವಿವರದಲ್ಲಿ ‘ಗೇಟ್‌ವೇ’ ಎಂದು ಬರೆದಿರುವ ಸಂಖ್ಯೆಯೇ ಅದು. ನಿಮ್ಮ ಕಂಪ್ಯೂಟರಿನ ಸ್ವಂತ ವಿಳಾಸ 169.254ರಿಂದ ಶುರುವಾಗಿದ್ದರೆ, ರೂಟರು ಅದಕ್ಕೆ ವಿಳಾಸವನ್ನೇ ಕೊಟ್ಟಿಲ್ಲ, ಕಂಪ್ಯೂಟರೇ ತಾತ್ಕಾಲಿಕವಾಗಿ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ದಪ್ಪ ಗೋಡೆಯ ಮನೆಯವರಿಗೆ ಇನ್ನೊಂದು ತೊಡಕೂ ಇದೆ. ಇಂಟರ್ನೆಟ್ ಕಂಪನಿ ಕೊಟ್ಟ ರೂಟರಿಗೆ ಹಳೇ ರೂಟರನ್ನು ಕೇಬಲ್‌ನಿಂದ ಜೋಡಿಸಿದಾಗ ಎರಡರ ವಿಳಾಸವೂ 192.168.1.1 ಆಗಿರಬಹುದು. ಆಗ ತೆರೆಯುವುದು ಒಂದರ ಪುಟ, ಹಾಕುವುದು ಇನ್ನೊಂದರ ಪಾಸ್‌ವರ್ಡ್. ಹಳೆಯದನ್ನು ಕಂಪನಿಯ ರೂಟರಿನಿಂದ ಬೇರ್ಪಡಿಸಿ, ಅದೊಂದಕ್ಕೇ ಲ್ಯಾಪ್‌ಟಾಪ್ ಹಚ್ಚಿ ನೋಡುವುದು ಇದಕ್ಕೆ ದಾರಿ. ಆಮೇಲೆ ಅದರ ವಿಳಾಸವನ್ನು 192.168.2.1 ಎಂದು ಬದಲಿಸಿದರೆ ಎರಡೂ ಜಗಳವಿಲ್ಲದೆ ಇರುತ್ತವೆ.

ಯಾರೂ ಅನುಮಾನಿಸದ ಅಪರಾಧಿ ಅಡಾಪ್ಟರ್. ಮಳೆಗಾಲದ ಸಿಡಿಲಿಗೂ ಕರೆಂಟಿನ ಏರಿಳಿತಕ್ಕೂ ಮೊದಲು ಬಲಿಯಾಗುವುದು ಇದೇ. ಹೋದ ಅಡಾಪ್ಟರಿನ ಜಾಗಕ್ಕೆ ಕೈಗೆ ಸಿಕ್ಕದ್ದು ಬಂದಿರುತ್ತದೆ. ಪಿನ್ನು ಒಂದೇ ಅಳತೆಯದಾದರೂ ಒಂದು ರೂಟರು ಕೇಳುವುದು 5 ವೋಲ್ಟ್, ಇನ್ನೊಂದು 9, ಮತ್ತೊಂದು 12. ವೋಲ್ಟ್ ಹೆಚ್ಚಾದರೆ ರೂಟರು ಸುಟ್ಟೇ ಹೋಗಬಹುದು. ಆಂಪಿಯರ್ ಕಡಿಮೆಯಾದರೆ ಆಗುವುದು ಇನ್ನೂ ಗೊಂದಲದ ಸಂಗತಿ. ದೀಪಗಳು ಹತ್ತುತ್ತವೆ, ವೈಫೈ ಹೆಸರೂ ಕಾಣುತ್ತದೆ. ಆದರೆ ಪ್ರಸಾರಕ ಪೂರ್ತಿ ಕೆಲಸಕ್ಕೆ ಇಳಿದು ಹೆಚ್ಚು ವಿದ್ಯುತ್ ಎಳೆದ ಕ್ಷಣ ವೋಲ್ಟ್ ಕುಸಿದು, ಯಂತ್ರ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಅರ್ಧ ತೆರೆದ ಲಾಗಿನ್ ಪುಟ ಮಾಯವಾಗುತ್ತದೆ, ಮತ್ತೆ ಬರುತ್ತದೆ, ಮತ್ತೆ ಹೋಗುತ್ತದೆ. ಇದನ್ನೂ ಪಾಸ್‌ವರ್ಡಿನ ಲೆಕ್ಕಕ್ಕೇ ಬರೆಯಲಾಗುತ್ತದೆ. ಅಡಾಪ್ಟರಿನ ವೋಲ್ಟು ರೂಟರಿನ ಅಡಿಯಲ್ಲಿ ಬರೆದದ್ದಕ್ಕೆ ಸರಿಸಮವಿರಬೇಕು, ಆಂಪಿಯರ್ ಅಷ್ಟೇ ಇಲ್ಲವೆ ಹೆಚ್ಚು ಇರಬೇಕು, ಪಿನ್ನಿನ ಧನ-ಋಣದ ಗುರುತೂ ಹೊಂದಬೇಕು.

ಇಷ್ಟಾದ ಮೇಲೆ ಪುಟ ತೆರೆದು ‘ತಪ್ಪು ಪಾಸ್‌ವರ್ಡ್’ ಎಂದರೆ ಅದು ನಿಜವಾದ ಪಾಸ್‌ವರ್ಡ್ ಸಮಸ್ಯೆ. ಅಡಿಯ ಚೀಟಿಯಲ್ಲಿರುವುದನ್ನು ಮೊದಲು ಹಾಕಿ ನೋಡಿ. ಫೋನಿನ ಕೀಲಿಮಣೆ ಇಂಗ್ಲಿಷಿನ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡಿಬಿಡುತ್ತದೆ, ರೂಟರಿಗೆ ದೊಡ್ಡಕ್ಷರ ಚಿಕ್ಕಕ್ಷರ ಬೇರೆ ಬೇರೆ. ವೈಫೈ ಪಾಸ್‌ವರ್ಡ್ ಒಂದು, ಲಾಗಿನ್ ಪಾಸ್‌ವರ್ಡ್ ಇನ್ನೊಂದು ಎಂಬುದೂ ನೆನಪಿರಲಿ. ಅದೂ ಆಗದಿದ್ದರೆ ಹಿಂಬದಿಯ ಸಣ್ಣ ತೂತಿನೊಳಗೆ ರಿಸೆಟ್ ಗುಂಡಿ ಇದೆ. ರೂಟರು ಚಾಲೂ ಇರುವಾಗ ಅದನ್ನು ಸಾಮಾನ್ಯವಾಗಿ ಸುಮಾರು 10 ಸೆಕೆಂಡು, ದೀಪಗಳೆಲ್ಲ ಒಮ್ಮೆ ಮಿನುಗುವವರೆಗೆ ಒತ್ತಿ ಹಿಡಿಯಬೇಕು. ಆಗ ನೆನಪಿನ ಚಿಪ್‌ನಲ್ಲಿ ಬಳಕೆದಾರರು ಬರೆದಿಟ್ಟ ಹೊಂದಿಕೆಗಳ ಭಾಗ ಅಳಿದು, ಕಾರ್ಖಾನೆಯ ಮೂಲ ಹೊಂದಿಕೆ ಮರಳುತ್ತದೆ. ಯಂತ್ರವನ್ನು ರೂಪಿಸಿದವರ ನಂಬಿಕೆ ಸರಳವಾಗಿದೆ: ಪೆಟ್ಟಿಗೆ ಯಾರ ಕೈಯಲ್ಲಿದೆಯೋ ಅವರೇ ಒಡೆಯರು. ಪಾಸ್‌ವರ್ಡ್ ಇರುವುದು ಜಾಲದ ಮೂಲಕ ಬರುವವರನ್ನು ತಡೆಯುವುದಕ್ಕೆ, ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದವರನ್ನಲ್ಲ.

‘ಹಳೆಯವರಿಗೆ ಫೋನು ಮಾಡಿ ಕೇಳಿದರೆ ಮುಗಿಯಿತಲ್ಲ, ರಿಸೆಟ್ ಯಾಕೆ?’ ಎನ್ನಬಹುದು. ಪಾಸ್‌ವರ್ಡ್ ಸಿಗುತ್ತದೆ, ಒಪ್ಪೋಣ. ಆದರೆ ಅದರ ಜೊತೆಗೆ ಅವರ ಕಾಲದ ಎಲ್ಲ ಹೊಂದಿಕೆಯೂ ಬರುತ್ತದೆ. ಜಾಲತಾಣದ ಹೆಸರನ್ನು ಸಂಖ್ಯೆಗೆ ಬದಲಿಸಿಕೊಡುವ ಡಿಎನ್‌ಎಸ್ ಹೊಂದಿಕೆಯನ್ನು ಯಾರಾದರೂ ತಿರುಚಿದ್ದರೆ, ಬ್ಯಾಂಕಿನ ಹೆಸರು ಬರೆದರೂ ಬೇರೆಲ್ಲಿಗೋ ಹೋಗಬಹುದು. ಇದು ಬರೀ ಊಹೆಯಲ್ಲ. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಬಯಲಿಗೆಳೆದ ‘ಡಿಎನ್‌ಎಸ್‌ಚೇಂಜರ್’ ಜಾಲ ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳಲ್ಲಿ ಹಬ್ಬಿತ್ತು. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸದ ಮನೆ ರೂಟರುಗಳ ಡಿಎನ್‌ಎಸ್ ಅನ್ನೂ ಅದು ತಿದ್ದಬಲ್ಲದಾಗಿತ್ತು. 2018ರಲ್ಲಿ ‘ವಿಪಿಎನ್‌ಫಿಲ್ಟರ್’ ಎಂಬ ದುಷ್ಟ ತಂತ್ರಾಂಶ 54 ದೇಶಗಳ ಕನಿಷ್ಠ 5 ಲಕ್ಷ ಸಾಧನಗಳನ್ನು ಹಿಡಿದಾಗ, ಆಫ್ ಮಾಡಿ ಆನ್ ಮಾಡಿದರೂ ಅದರ ಮೊದಲ ಹಂತ ಒಳಗೇ ಉಳಿಯುತ್ತಿತ್ತು. ಅದನ್ನು ತೆಗೆಯಲು ಪೂರ್ತಿ ರಿಸೆಟ್ಟೇ ಬೇಕಾಯಿತು. ಆದ್ದರಿಂದ ಪಾಸ್‌ವರ್ಡ್ ಗೊತ್ತಿದ್ದರೂ ರಿಸೆಟ್ ಮಾಡಲೇಬೇಕು ಎಂಬುದು ನನ್ನ ಖಚಿತ ನಿಲುವು.

ಆದರೆ ರಿಸೆಟ್ಟಿಗೇ ನಿಂತರೆ ಅಪಾಯ ಹೊಸದಾಗಿ ಶುರುವಾಗುತ್ತದೆ, ಏಕೆಂದರೆ ಅದು ಮರಳಿ ತರುವ ಮೂಲ ಪಾಸ್‌ವರ್ಡ್ ಎಷ್ಟೋ ಹಳೇ ಮಾದರಿಗಳಲ್ಲಿ ಜಗತ್ತಿಗೇ ಗೊತ್ತಿರುವಂಥದ್ದು. 2016ರ ‘ಮಿರಾಯ್’ ಎಂಬ ದುಷ್ಟ ತಂತ್ರಾಂಶ ಇದಕ್ಕೆ ಸಾಕ್ಷಿ. ಸುಮಾರು 60 ಕಾರ್ಖಾನೆ ಪಾಸ್‌ವರ್ಡ್ ಜೋಡಿಗಳ ಪಟ್ಟಿಯೊಂದನ್ನೇ ಹಿಡಿದು ಅದು ಕ್ಯಾಮೆರಾ, ರೂಟರುಗಳನ್ನು ಲಕ್ಷಗಟ್ಟಲೆ ವಶಮಾಡಿಕೊಂಡಿತು. ಆ ಅಕ್ಟೋಬರ್ 21ರಂದು ಅಂಥ ಸಾಧನಗಳಿಂದ ನಡೆದ ದಾಳಿಗೆ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ತಾಸುಗಟ್ಟಲೆ ತತ್ತರಿಸಿದವು. ‘ನಮ್ಮ ಮನೆಯಲ್ಲಿ ಕದಿಯಲು ಏನಿದೆ?’ ಎನ್ನುವವರಿಗೆ ಉತ್ತರ ಇಲ್ಲಿದೆ. ದಾಳಿಕೋರರಿಗೆ ಬೇಕಾದದ್ದು ನಿಮ್ಮ ಗುಟ್ಟಲ್ಲ, ಸದಾ ಚಾಲೂ ಇರುವ ನಿಮ್ಮ ಯಂತ್ರ. ಈ ಪಾಠ ಕಲಿತೇ ಬ್ರಿಟನ್ 2024ರ ಏಪ್ರಿಲ್ 29ರಿಂದ ಎಲ್ಲ ಸಾಧನಕ್ಕೂ ಒಂದೇ ಸುಲಭದ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಕಾನೂನಿನಿಂದಲೇ ತಡೆಯಿತು. ಕಾನೂನಿಗೂ ಮುಂಚೆ ತಯಾರಾದ ಪೆಟ್ಟಿಗೆಗಳಿಗೆ ಆ ರಕ್ಷಣೆ ಇಲ್ಲ, ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಓಡಾಡುವುದು ಅವೇ. ಲಾಗಿನ್ ಆದ ಕೂಡಲೇ ಎರಡೂ ಪಾಸ್‌ವರ್ಡ್ ಬದಲಿಸಿ, ಹೊರಗಿನಿಂದ ನಿಯಂತ್ರಿಸುವ ಸೌಲಭ್ಯ ಮುಚ್ಚಿ, ತಯಾರಕರ ತಾಣದಿಂದ ಹೊಸ ಫರ್ಮ್‌ವೇರ್, ಅಂದರೆ ರೂಟರನ್ನು ನಡೆಸುವ ತಂತ್ರಾಂಶ, ಹಾಕಿ. ರಿಸೆಟ್ ಹೊಂದಿಕೆಯನ್ನು ಅಳಿಸುತ್ತದೆಯೇ ಹೊರತು ಹಳೇ ಫರ್ಮ್‌ವೇರಿನ ದೋಷಗಳನ್ನು ಮುಟ್ಟುವುದಿಲ್ಲ.

ರಿಸೆಟ್ ಮಾಡಿದರೆ ಇಂಟರ್ನೆಟ್ ಹೊಂದಿಕೆಯೇ ಹೋಗುತ್ತದೆ ಎಂಬ ಹೆದರಿಕೆಯಲ್ಲಿ ಹುರುಳಿದೆ. ಬಿಎಸ್‌ಎನ್‌ಎಲ್ ಫೈಬರಿನಂಥ ಸಂಪರ್ಕಕ್ಕೆ ಪಿಪಿಪಿಒಇ ಎಂಬ ಪದ್ಧತಿಯ ಪ್ರತ್ಯೇಕ ಹೆಸರು-ಪಾಸ್‌ವರ್ಡ್ ಬೇಕು. ನಿಮ್ಮದನ್ನು ಮೊದಲೇ ಬರೆದಿಟ್ಟುಕೊಳ್ಳಿ, ಹಳೆಯವರದು ಅಳಿದರೆ ಅವರಿಗೇ ಒಳ್ಳೆಯದು. ಫೈಬರ್ ತಂತಿ ನೇರವಾಗಿ ಸೇರುವ ಪೆಟ್ಟಿಗೆಯ ಮಾತು ಬೇರೆ. ಅದರ ಸೀರಿಯಲ್ ಸಂಖ್ಯೆ ಕಂಪನಿಯ ಕಡೆ ನೋಂದಣಿಯಾಗಿರಬೇಕು, ಫರ್ಮ್‌ವೇರೂ ಒಂದೇ ಕಂಪನಿಗೆ ಕಟ್ಟಿಹಾಕಿದ್ದಿರಬಹುದು. ಗಡಿ ಊರಾದ ಬೆಳಗಾವಿಗೆ ಕೊಲ್ಹಾಪುರದಿಂದಲೋ ಗೋವೆಯಿಂದಲೋ ಬಂದ ಅಂಥ ಪೆಟ್ಟಿಗೆ ಲಾಗಿನ್ ಆದರೂ ಕೆಲಸಕ್ಕೆ ಬಾರದೆ ಹೋಗಬಹುದು. ಕೆಲವಂತೂ ಕಂಪನಿಯ ಸ್ವತ್ತಾಗಿಯೇ ಉಳಿದಿರುತ್ತವೆ. ಅವನ್ನು ಕೊಳ್ಳಬೇಡಿ. ತಯಾರಕರು ಫರ್ಮ್‌ವೇರ್ ಕೊಡುವುದನ್ನೇ ನಿಲ್ಲಿಸಿದ ಮಾದರಿಯನ್ನೂ ಮನೆಯ ಮುಖ್ಯ ರೂಟರಾಗಿ ಇಡಬಾರದು. ಉಳಿದವನ್ನು ಧೈರ್ಯವಾಗಿ ಕೊಳ್ಳಿ, ಆದರೆ ಹಣ ಕೊಡುವ ಮೊದಲು ಅಂಗಡಿಯಲ್ಲೇ ಅದರದೇ ಅಡಾಪ್ಟರ್ ಹಚ್ಚಿಸಿ, ರಿಸೆಟ್ ಮಾಡಿಸಿ, ಲಾಗಿನ್ ಪುಟ ತೆರೆದು ತೋರಿಸಲು ಹೇಳಿ. ಮಾರುವವರೂ ಪೆಟ್ಟಿಗೆ ಕೈಬಿಡುವ ಮುನ್ನ ಆ ಗುಂಡಿಯನ್ನು ಒಮ್ಮೆ ಒತ್ತಿಯೇ ಕೊಡಲಿ.