ಒಳಗಿನ ಚಡಪಡಿಕೆಯನ್ನು ಕಾಲಿಗೆ ಇಳಿಸೋಣ: ಮನೆಯಲ್ಲಿ ಮಿನಿ ಟ್ರ್ಯಾಂಪೊಲಿನ್



ವಾರದ ಸಭೆಯಲ್ಲಿ ಉಳಿತಾಯ ಕಟ್ಟಿ, ಸಾಲದ ಲೆಕ್ಕ ಮುಗಿಸಿ, ಪುಸ್ತಕಕ್ಕೆ ಸಹಿ ಹಾಕಿದ ಮೇಲೆ ಮಾತು ಎಲ್ಲಿಗೆ ಬರುತ್ತದೆಂದು ನಿಮಗೆ ಗೊತ್ತೇ ಇದೆ. "ಯಾಕೋ ಎದಿ ಡವಡವ ಅಂತದ್ರಿ." "ಕೂತಲ್ಲಿ ಕೂಡಲಿಕ್ಕಾಗವಲ್ದು." "ಸಣ್ಣ ಮಾತಿಗೂ ಮಕ್ಕಳಿಗೆ ಹೊಡದುಬಿಡತೀನಿ, ಆಮೇಲೆ ನನಗೇ ಅಳು ಬರತದ." ಬಸವಕಲ್ಯಾಣ, ಹುಮನಾಬಾದ ತಾಲೂಕುಗಳ ಯಾವ ಸಂಘದಲ್ಲಿ ಕುಳಿತರೂ ಈ ಮಾತು ಕೇಳಿಬರುತ್ತದೆ. ಕಾರಣಗಳೂ ಹೊಸವಲ್ಲ. ದುಡಿಯಲು ಪುಣೆಗೋ ಹೈದರಾಬಾದಿಗೋ ಹೋದ ಗಂಡ ಎರಡು ದಿನದಿಂದ ಫೋನ್ ಎತ್ತಿಲ್ಲ. ನಾಳೆ ಕಂತು ಕಟ್ಟಬೇಕು. ತೊಗರಿ ಹೂವಿಗೆ ಬಂದಾಗಲೇ ಮೋಡ ಕವಿದಿದೆ. ಮಗಳ ಪರೀಕ್ಷೆಯ ಫಲಿತಾಂಶ ಬಂದಿಲ್ಲ.

ಈ ಚಡಪಡಿಕೆ ಕಳೆಯಲಿಕ್ಕೆ ಒಂದು ಸಾಧನದ ಸುದ್ದಿ ಈಗ ಮೊಬೈಲ್ ಜಾಹೀರಾತಿನ ಮೂಲಕ ಹಳ್ಳಿಗೂ ಬಂದಿದೆ. ಅದೇ ಮಿನಿ ಟ್ರ್ಯಾಂಪೊಲಿನ್. ದುಂಡಗಿನ ಕಬ್ಬಿಣದ ಬಳೆ, ನಡುವೆ ಬಿಗಿದು ಕಟ್ಟಿದ ಗಟ್ಟಿ ಬಟ್ಟೆ, ಸುತ್ತಲೂ ಸ್ಪ್ರಿಂಗು ಇಲ್ಲವೇ ರಬ್ಬರ್ ಹಗ್ಗ, ಕೆಳಗೆ ಸಣ್ಣ ಸಣ್ಣ ಕಾಲು. ಅಗಲ ಮೂರು ಅಡಿಗಿಂತ ತುಸು ಹೆಚ್ಚು, ಎತ್ತರ ಒಂದು ಅಡಿಯೊಳಗೆ. ಅದರ ಮೇಲೆ ನಿಂತು ಮೆಲ್ಲಗೆ ಜಿಗಿಯುವುದು. ನವಾರದ ಹೊರಸಿನ ಮೇಲೆ ಮಕ್ಕಳು ಕುಣಿದು ಬೈಸಿಕೊಳ್ಳುತ್ತಾರಲ್ಲ, ಹೆಚ್ಚೂಕಡಿಮೆ ಅದೇ ಆಟ. ದೊಡ್ಡ ಟ್ರ್ಯಾಂಪೊಲಿನ್‌ನ್ನು 1930ರ ದಶಕದಲ್ಲಿ ಅಮೆರಿಕದ ಜಾರ್ಜ್ ನಿಸೆನ್ ಎಂಬ ಜಿಮ್ನಾಸ್ಟಿಕ್ ಆಟಗಾರ ತನ್ನ ತರಬೇತುದಾರ ಲ್ಯಾರಿ ಗ್ರಿಸ್ವೋಲ್ಡ್ ಜೊತೆ ಸೇರಿ ತಯಾರಿಸಿದ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅದು ಸ್ಪರ್ಧೆಯ ಆಟವೂ ಆಯಿತು. ಮನೆಯಲ್ಲಿ ಇಡುವುದು ಅದರ ಚಿಕ್ಕ ತಂಗಿ. ಎತ್ತರ ಹಾರುವುದಕ್ಕೆ ಇದು ಅಲ್ಲ.

"ಜಿಗಿದರೆ ಟೆನ್ಶನ್ ಹೋಗತದ ಅಂತಾರ, ಖರೆ ಏನ್ರಿ?" ಎಂದು ಕೇಳುವವರಿಗೆ ಉತ್ತರ: ಸ್ವಲ್ಪ ಮಟ್ಟಿಗೆ ಖರೆ. ಅದು ಹೇಗೆ, ಮತ್ತು ಯಾರು ಜಿಗಿಯಬಾರದು ಎಂಬುದನ್ನು ತಿಳಿದುಕೊಂಡೇ ಮುಂದೆ ಹೋಗೋಣ.

ದೇಹದೊಳಗೆ ಏನಾಗುತ್ತದೆ?

ಹೊಲದಲ್ಲಿ ಕಳೆ ತೆಗೆಯುವಾಗ ಎದುರಿಗೆ ಹಾವು ಬಂತು ಅಂದುಕೊಳ್ಳಿ. ನೀವು ವಿಚಾರ ಮಾಡುವ ಮೊದಲೇ ದೇಹ ತಯಾರಾಗಿಬಿಡುತ್ತದೆ. ಮೂತ್ರಪಿಂಡದ ಮೇಲಿರುವ ಸಣ್ಣ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆ ಜೋರಾಗಿ ಬಡಿಯುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ, ಯಕೃತ್ತು ತಾನು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಕೊಡುತ್ತದೆ. ಆ ರಕ್ತ ಹೊಟ್ಟೆಯ ಕಡೆ ಕಡಿಮೆಯಾಗಿ ತೊಡೆ, ಮೀನಖಂಡಗಳಿಗೆ ಹರಿಯುತ್ತದೆ. ಇದೆಲ್ಲ ಓಡಲಿಕ್ಕೆ ಇಲ್ಲವೇ ಹೊಡೆದಾಡಲಿಕ್ಕೆ ಮಾಡಿದ ಸಿದ್ಧತೆ. ನೀವು ಓಡುತ್ತೀರಿ, ಸಿದ್ಧವಾದ ಶಕ್ತಿ ಖರ್ಚಾಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮೈ ತಣ್ಣಗಾಗುತ್ತದೆ.

ಆದರೆ ನಾಳೆಯ ಕಂತಿನಿಂದ ಎಲ್ಲಿಗೆ ಓಡುವುದು? ದೇಹಕ್ಕೆ ಹಾವು ಯಾವುದು, ಕಂತು ಯಾವುದು ಎಂಬ ಭೇದ ತಿಳಿಯುವುದಿಲ್ಲ. ಅದು ಅದೇ ಸಿದ್ಧತೆ ಮಾಡುತ್ತದೆ, ನಾವು ಮಾತ್ರ ಒಲೆಯ ಮುಂದೆ ಕುಳಿತಿರುತ್ತೇವೆ. ಬಂಡಿ ಹೂಡಿ ಎತ್ತುಗಳನ್ನು ನಿಲ್ಲಿಸಿಯೇ ಇಟ್ಟರೆ ಅವು ಕಾಲು ಕೆರೆಯುವುದಿಲ್ಲವೇ? ಹಾಗೆ. ಖರ್ಚಾಗದ ಆ ಶಕ್ತಿ ನಡುಕವಾಗಿ, ತಲೆನೋವಾಗಿ, ನಿದ್ದೆಗೇಡಾಗಿ, ಮಗುವಿನ ಬೆನ್ನಿನ ಮೇಲೆ ಬೀಳುವ ಏಟಾಗಿ ಹೊರಬರುತ್ತದೆ. ಇದಕ್ಕೆ ಕೆಲವರು ಗಾಳಿ ಸೋಕಿದೆ ಎನ್ನುತ್ತಾರೆ. ಗಾಳಿಯೂ ಅಲ್ಲ, ನಿಮ್ಮ ಸ್ವಭಾವದ ಕೆಡಕೂ ಅಲ್ಲ.

ನಮ್ಮ ದೇಹದ ದೊಡ್ಡ ದೊಡ್ಡ ಸ್ನಾಯುಗಳು ಇರುವುದು ಸೊಂಟದ ಕೆಳಗೆ. ಹತ್ತು ನಿಮಿಷ ಅವುಗಳಿಗೆ ಕೆಲಸ ಕೊಟ್ಟರೆ ಸಿದ್ಧವಾದ ಸಕ್ಕರೆ ಬಳಕೆಯಾಗುತ್ತದೆ, ಉಸಿರು ಆಳವಾಗುತ್ತದೆ, ನಿಲ್ಲಿಸಿದ ಮೇಲೆ ಎದೆಬಡಿತ ಇಳಿಯುತ್ತ ಬರುತ್ತದೆ. ಇನ್ನೊಂದು ಲಾಭವೂ ಇದೆ. ಎದೆ ಬಡಿದರೆ ಸಾಕು, "ಹಾರ್ಟಿಗೆ ಏನೋ ಆಯಿತು" ಎಂದು ಮತ್ತಷ್ಟು ಹೆದರುವವರು ನಮ್ಮಲ್ಲಿ ಬಹಳ. ಜಿಗಿದಾಗಲೂ ಎದೆ ಹಾಗೆಯೇ ಬಡಿಯುತ್ತದೆ, ಹಾಗೆಯೇ ಇಳಿಯುತ್ತದೆ ಎಂಬುದು ರೂಢಿಯಾದರೆ ಆ ಹೆದರಿಕೆ ಕಡಿಮೆಯಾಗುತ್ತದೆ. ಜಿಗಿದ ಮಾತ್ರಕ್ಕೆ ಕಂತು ತೀರುವುದಿಲ್ಲ, ಅದು ಅಲ್ಲೇ ಇರುತ್ತದೆ. ಆದರೆ ಲೆಕ್ಕ ಮಾಡಲು ಕೂಡುವಾಗ ಕೈ ನಡುಗುವುದಿಲ್ಲ.

ಟ್ರ್ಯಾಂಪೊಲಿನ್ನೇ ಯಾಕೆ?

ಅದೇ ಬೇಕೆಂದಿಲ್ಲ. ಅದರ ಒಂದು ಗುಣವೆಂದರೆ ಕೀಲುಗಳಿಗೆ ಪೆಟ್ಟು ಕಡಿಮೆ. ಮಾಳಿಗೆಯಿಂದ ಹುಲ್ಲಿನ ಬಣವೆ ಮೇಲೆ ಬೀಳುವುದಕ್ಕೂ ಶಹಾಬಾದ ಫರಸಿಯ ಮೇಲೆ ಬೀಳುವುದಕ್ಕೂ ಇರುವ ವ್ಯತ್ಯಾಸ ಇದು. ಫರಸಿ ನಮ್ಮನ್ನು ಒಮ್ಮೆಗೇ ನಿಲ್ಲಿಸುತ್ತದೆ, ಪೆಟ್ಟೆಲ್ಲ ಹಿಮ್ಮಡಿ, ಮೊಣಕಾಲಿಗೆ. ಸ್ಪ್ರಿಂಗು ಎಳೆದುಕೊಳ್ಳುತ್ತ ನಿಧಾನವಾಗಿ ನಿಲ್ಲಿಸಿ, ಅದೇ ಬಲದಿಂದ ಮೇಲಕ್ಕೆ ಕೊಡುತ್ತದೆ.

ಮಾರುವವರು "ನಾಸಾ ವಿಜ್ಞಾನಿಗಳೇ ಹೇಳಿದ್ದಾರೆ" ಎಂದು ಹೇಳುವುದುಂಟು. 1980ರಲ್ಲಿ ಅಂಥ ಒಂದು ಅಧ್ಯಯನ ಪ್ರಕಟವಾದದ್ದು ನಿಜ. ಅದರಲ್ಲಿ ಇದ್ದವರು ಎಂಟು ಜನ ತರುಣರು ಮಾತ್ರ. ಓಡುವಾಗ ಹಿಮ್ಮಡಿಯ ಹತ್ತಿರ ಬೀಳುವ ಒತ್ತು ಬೆನ್ನು, ಹಣೆಯಲ್ಲಿ ಬೀಳುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು, ಟ್ರ್ಯಾಂಪೊಲಿನ್ ಮೇಲೆ ಅಷ್ಟು ವ್ಯತ್ಯಾಸವಿಲ್ಲ ಎಂದು ಅದು ತೋರಿಸಿತು. ಎಂಟು ತರುಣರ ಲೆಕ್ಕವನ್ನು ಮೂರು ಹೆತ್ತ ನಲವತ್ತರ ತಾಯಿಗೆ ಹಚ್ಚಲಾಗದು. ಇನ್ನು ಮೈಯೊಳಗಿನ ವಿಷವೆಲ್ಲ ಹೊರಹೋಗುತ್ತದೆ, ಎಲ್ಲ ರೋಗ ವಾಸಿಯಾಗುತ್ತದೆ ಎಂಬ ಜಾಹೀರಾತಿನ ಮಾತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮಾಡುವ ರೀತಿ

ಮೊದಲು ಜಾಗ ನೋಡಿ. ನಮ್ಮ ತಗಡಿನ ಮನೆಗಳಲ್ಲಿ ಅಡ್ಡ ಕೋಲು ತಲೆಗೆ ಬಡಿಯುವಷ್ಟು ತಗ್ಗಿರುತ್ತದೆ. ಕೈ ಮೇಲೆತ್ತಿ ನಿಂತರೂ ಇನ್ನೂ ಒಂದು ಮೊಳ ಜಾಗ ಉಳಿಯಬೇಕು. ನುಣುಪು ಫರಸಿಯ ಮೇಲೆ ಇಟ್ಟರೆ ಕಾಲು ಜಾರುತ್ತದೆ, ಕೆಳಗೆ ಚಾಪೆಯೋ ಗೋಣಿಚೀಲವೋ ಹಾಕಿ. ಹಿಡಿದುಕೊಳ್ಳಲು ಗೋಡೆ ಅಥವಾ ಗಟ್ಟಿ ಕಿಟಕಿ ಪಕ್ಕದಲ್ಲಿರಲಿ, ಒಲೆ ದೂರ ಇರಲಿ. ಸೀರೆಗಿಂತ ಚೂಡಿದಾರ ವಾಸಿ. ಸೀರೆಯೇ ಆದರೆ ನೆರಿಗೆ ಮೇಲೆತ್ತಿ ಕಚ್ಚೆ ಹಾಕಿ. ಕಾಲುಂಗುರ ಬಟ್ಟೆಗೆ ಸಿಕ್ಕಿ ಬೀಳಿಸುವುದರಿಂದ ಅದನ್ನು ಬಿಚ್ಚಿಡಿ, ತಪ್ಪಿಲ್ಲ.

ನಿಂತ ಮೇಲೆ ಮೊಣಕಾಲು ಸ್ವಲ್ಪ ಮಡಚಿ. ಪಾದ ಬಟ್ಟೆ ಬಿಡದಂತೆ, ಹಿಮ್ಮಡಿ ಮಾತ್ರ ಏಳುವಂತೆ ಎರಡು ನಿಮಿಷ ಮೆಲ್ಲಗೆ ತೂಗಿ. ರೂಢಿಯಾದ ಮೇಲೆ ನಿಂತಲ್ಲೇ ನಡೆದಂತೆ ಒಂದೊಂದು ಕಾಲು ಎತ್ತಿ. ಅದೂ ಸರಿಹೋದರೆ ಎರಡು ಬೆರಳು ಎತ್ತರಕ್ಕೆ ಜಿಗಿಯಿರಿ, ಸಾಕು. ಜಿಗಿಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಅಳತೆ. ಉಸಿರನ್ನು ಒಳಗೆ ತೆಗೆದುಕೊಂಡದ್ದಕ್ಕಿಂತ ಹೊತ್ತು ಹಿಡಿದು ಹೊರಗೆ ಬಿಡಿ. ಒಟ್ಟು ಹತ್ತು ನಿಮಿಷ. ನಿಲ್ಲಿಸುವಾಗ ಒಮ್ಮೆಗೇ ಕೆಳಗೆ ಇಳಿಯಬೇಡಿ, ಕಾಲು ತೂರಾಡುತ್ತವೆ. ಗೋಡೆ ಹಿಡಿದು ನಿಧಾನ ಮಾಡಿ ಇಳಿಯಿರಿ. ಉಂಡ ಕೂಡಲೇ ಬೇಡ, ಮಲಗುವ ಮುಂಚೆ ಜೋರಾಗಿ ಬೇಡ. ಬೇಸಿಗೆಯಲ್ಲಿ ತಗಡಿನ ಕೆಳಗೆ ಬೇಯುವುದಾದರೆ ಸೂರ್ಯ ಏಳುವ ಮೊದಲೇ ಮುಗಿಸಿ.

ಯಾರು ಜಿಗಿಯಬಾರದು?

ಈ ಭಾಗವನ್ನು ದಯವಿಟ್ಟು ಸಭೆಯಲ್ಲಿ ಗಟ್ಟಿಯಾಗಿ ಓದಿ, ಓದಲು ಬಾರದವರಿಗೂ ತಿಳಿಯಲಿ.

ಗರ್ಭಿಣಿಯರು, ಹೊಸ ಬಾಣಂತಿಯರು, ಗರ್ಭಕೋಶ ತೆಗೆಸಿಕೊಂಡು ಇನ್ನೂ ವೈದ್ಯರ ಒಪ್ಪಿಗೆ ಸಿಗದವರು, ತಲೆಸುತ್ತು ಇರುವವರು, ಬಿಪಿ ಹತೋಟಿಗೆ ಬರದವರು, ಹೃದಯದ ತೊಂದರೆ ಇರುವವರು, ಮೊಣಕಾಲು ಊದಿಕೊಂಡವರು, ಎಲುಬು ಸವೆದಿದೆ ಎಂದು ವೈದ್ಯರು ಹೇಳಿದವರು, ಇವರೆಲ್ಲ ದೂರ ಇರಬೇಕು.

ಇನ್ನೊಂದು ವಿಷಯ ನಾವು ಬಾಯಿಬಿಟ್ಟು ಹೇಳುವುದಿಲ್ಲ. ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಮೂತ್ರ ಸೋರುವುದು, ಕೆಳಗೆ ಏನೋ ಜಾರಿದಂತೆ ಭಾರವಾಗುವುದು. ಹೆರಿಗೆಯಾದ ಮೂರೇ ದಿನಕ್ಕೆ ನೀರು ಹೊತ್ತವರಲ್ಲಿ ಇದು ಎಷ್ಟು ಸಾಮಾನ್ಯವೆಂದು ಪ್ರತಿ ಸಂಘಕ್ಕೂ ಗೊತ್ತು. ಜಿಗಿತ ಇದನ್ನು ಹೆಚ್ಚು ಮಾಡುತ್ತದೆ. ಸ್ವೀಡನ್ ದೇಶದಲ್ಲಿ ದೊಡ್ಡ ಟ್ರ್ಯಾಂಪೊಲಿನ್ ಸ್ಪರ್ಧಿಗಳಾದ 35 ಹುಡುಗಿಯರನ್ನು ಕೇಳಿದಾಗ 100ಕ್ಕೆ 80 ಜನ ಅಭ್ಯಾಸದಲ್ಲಿ ಮೂತ್ರ ಸೋರುತ್ತದೆ ಎಂದರು. 2002ರಲ್ಲಿ ಪ್ರಕಟವಾದ ಲೆಕ್ಕ ಇದು. ಅವರು ಒಂದು ಮಗುವನ್ನೂ ಹೆತ್ತವರಲ್ಲ! ಹೀಗಿರುವಾಗ ನಾಚಿಕೆ ಪಡುವುದೇನಿದೆ? ಈ ತೊಂದರೆ ಇರುವವರು ಜಿಗಿಯುವುದು ಬಿಟ್ಟು ನಡೆಯಿರಿ. ಜೊತೆಗೆ ಈ ವ್ಯಾಯಾಮ ಮಾಡಿ: ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುವನ್ನು ಐದು ಎಣಿಸುವವರೆಗೆ ಬಿಗಿಹಿಡಿದು, ಐದು ಎಣಿಸುವವರೆಗೆ ಸಡಿಲ ಬಿಡುವುದು. ಸಲಕ್ಕೆ ಹತ್ತರಂತೆ ದಿನಕ್ಕೆ ಮೂರು ಸಲ, ಮೂರು ತಿಂಗಳು. ರೊಟ್ಟಿ ಬಡಿಯುತ್ತಲೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಕಡಿಮೆಯಾಗದಿದ್ದರೆ ತಾಲೂಕು ಆಸ್ಪತ್ರೆಯಲ್ಲಿ ಮಹಿಳಾ ವೈದ್ಯರಿಗೆ ತೋರಿಸಿ.

ಎದೆ ಡವಡವ ಅನ್ನುವುದೆಲ್ಲ ಚಿಂತೆಯಿಂದಲೇ ಎಂದೂ ತಿಳಿಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆಯಾದಾಗಲೂ ಎದೆ ಬಡಿಯುತ್ತದೆ, ಮೇಲುಸಿರು ಬರುತ್ತದೆ. ಥೈರಾಯ್ಡ್ ಹೆಚ್ಚಾದಾಗ ಕೈ ನಡುಗುತ್ತದೆ. ಆದ್ದರಿಂದ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ, ಬಿಪಿ ಪರೀಕ್ಷೆ, ಆಮೇಲೆ ಜಿಗಿತ.

ದುಡ್ಡು ಹಾಕುವ ಮೊದಲು

ಸಾಧಾರಣ ಮಿನಿ ಟ್ರ್ಯಾಂಪೊಲಿನ್‌ಗೆ ಕೆಲವು ಸಾವಿರ ರೂಪಾಯಿ ಬೀಳುತ್ತದೆ. ಇದಕ್ಕಾಗಿ ಸಂಘದಲ್ಲಿ ಸಾಲ ತೆಗೆಯುವುದು ನಮ್ಮ ಮಟ್ಟಿಗೆ ಸರಿ ಕಾಣುವುದಿಲ್ಲ. ಚಡಪಡಿಕೆ ಕಳೆಯಲು ಹೋಗಿ ಇನ್ನೊಂದು ಕಂತು ತಂದುಕೊಂಡಂತೆ ಆದೀತು. ಬೇಕೆನಿಸಿದರೆ ಹತ್ತು ಜನ ಕೂಡಿ ಒಂದು ತಂದು ಸಭೆ ನಡೆಯುವ ಮನೆಯಲ್ಲಿಡಿ. ತರುವಾಗ ಎಷ್ಟು ಕಿಲೋ ತಡೆಯುತ್ತದೆಂದು ಬರೆದದ್ದು ಓದಿ, ಸ್ಪ್ರಿಂಗುಗಳ ಮೇಲೆ ಮುಚ್ಚುಬಟ್ಟೆ ಇದೆಯೇ ನೋಡಿ. ವಾರಕ್ಕೊಮ್ಮೆ ತಿರುವಿ ಹಾಕಿ ತುಕ್ಕು, ಹರಕು ನೋಡುವ ಕೆಲಸ ಒಬ್ಬರಿಗೆ ವಹಿಸಿ.

ಇಲ್ಲದಿದ್ದರೂ ನಷ್ಟವಿಲ್ಲ. ನಾಗರಪಂಚಮಿಗೆ ಜೋಕಾಲಿ ಜೀಕುವಾಗ, ಕೈ ಕೈ ಹಿಡಿದು ಫುಗಡಿ ಆಡುವಾಗ ನಮ್ಮ ತಾಯಂದಿರು ಮಾಡಿದ್ದು ಇದೇ ಕೆಲಸ. ತವರಿಗೆ ಬಂದ ಹೆಣ್ಣುಮಕ್ಕಳು ವರ್ಷದ ಸಂಕಟವನ್ನೆಲ್ಲ ಆ ನಾಲ್ಕು ದಿನ ಜೀಕಿ, ತಿರುಗಿ, ಕೂಗಿ ಕಳೆಯುತ್ತಿದ್ದರು. ಈಗ ಅದು ಟಿವಿ ನೋಡುವ ಹಬ್ಬವಾಗಿದೆ, ಬೇಸರದ ಮಾತು. ಸಭೆ ಮುಗಿದ ಮೇಲೆ ಹತ್ತು ನಿಮಿಷ ಫುಗಡಿ ಆಡಲು ಯಾರ ಅಪ್ಪಣೆ ಬೇಕು? ಮಣ್ಣಿನ ಅಂಗಳದಲ್ಲಿ ಹಗ್ಗ ಜಿಗಿಯಬಹುದು, ಕುಂಟಬಿಲ್ಲೆ ಆಡಬಹುದು. ಆದರೆ ಮೇಲೆ ಹೇಳಿದ ತೊಂದರೆ ಇರುವವರಿಗೆ ಈ ಜಿಗಿತದ ಆಟಗಳೂ ಬೇಡ, ಅವರು ಬಿರುಸಾಗಿ ನಡೆಯಲಿ. "ಹೊಲದಾಗ ದುಡಿಯೋದು ಸಾಲದೇನ್ರಿ?" ಎನ್ನಬಹುದು. ದುಡಿಮೆಯಲ್ಲಿ ಮೈ ದಣಿಯುತ್ತದೆ ನಿಜ, ಆದರೆ ಬಗ್ಗಿಯೇ ಇರುವ ಕೆಲಸ, ಮೇಲೆ ಇನ್ನೊಬ್ಬರ ಕಣ್ಣು. ಈ ಹತ್ತು ನಿಮಿಷ ನಿಮ್ಮದು.

ಮಕ್ಕಳ ವಿಷಯ

ತಂದ ಮೇಲೆ ಮಕ್ಕಳು ಬಿಡುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ ಮನೆಗಳಲ್ಲಿ ಮಕ್ಕಳ ಆಟಕ್ಕೆ ಟ್ರ್ಯಾಂಪೊಲಿನ್ ಬೇಡವೆಂದೇ 2012ರಲ್ಲಿ ಮತ್ತೆ ಎಚ್ಚರಿಸಿತು. ನಾಲ್ಕರಲ್ಲಿ ಮೂರು ಪಾಲು ಗಾಯಗಳು ಒಂದಕ್ಕಿಂತ ಹೆಚ್ಚು ಜನ ಒಟ್ಟಿಗೆ ಜಿಗಿದಾಗ ಆದವು. ಆರು ವರ್ಷದೊಳಗಿನವರನ್ನು ಹತ್ತಿಸಲೇಬೇಡಿ. ದೊಡ್ಡವರೂ ಒಬ್ಬೊಬ್ಬರೇ, ಲಾಗ ಹೊಡೆಯಬಾರದು, ಎದುರಿಗೆ ನೀವಿರಬೇಕು. ಒಂದು ಗಳಿಗೆ ಕೂಡದ, ಹೆಸರು ಕರೆದರೆ ತಿರುಗದ, ಮಾತು ತಡವಾದ ಮಗುವಿಗೆ ಜಿಗಿಸುವುದೇ ಔಷಧವೆಂದು ಕೂಡಬೇಡಿ. ಅಂಗನವಾಡಿ, ಶಾಲೆಗೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ವೈದ್ಯರಿಗೆ ತೋರಿಸಿ, ಖರ್ಚಿಲ್ಲ. ಅಂಥ ಮಕ್ಕಳಿಗೆ ಜಿಗಿತವನ್ನು ಎಷ್ಟು, ಹೇಗೆ ಕೊಡಬೇಕೆಂದು ತರಬೇತಾದವರು ಹೇಳಿಕೊಡುತ್ತಾರೆ.

ಜಿಗಿತಕ್ಕೆ ಮೀರಿದ್ದು

ಕೆಲವು ಹೆದರಿಕೆಗೆ ನಿಜವಾದ ಕಾರಣ ಹೊಸ್ತಿಲಲ್ಲೇ ನಿಂತಿರುತ್ತದೆ. ಗಂಡ ಹೊಡೆಯುತ್ತಿದ್ದರೆ ಮಹಿಳಾ ಸಹಾಯವಾಣಿ 181 ಇದೆ. ಸಾಲ ಕೊಟ್ಟವರು ಮನೆ ಮುಂದೆ ಕುಳಿತು ಅವಮಾನ ಮಾಡುತ್ತಿದ್ದರೆ, ಇಂಥ ಬಲವಂತದ ವಸೂಲಿ ತಡೆಯಲು 2025ರಲ್ಲಿ ರಾಜ್ಯದಲ್ಲಿ ಕಾನೂನೇ ಬಂದಿದೆ. ಒಬ್ಬರೇ ಹೋಗದೆ ಸಂಘದವರೆಲ್ಲ ಕೂಡಿ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ.

ಎರಡು ವಾರವಾದರೂ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಯಾರ ಮುಖವೂ ಬೇಡ, ಬದುಕೇ ಬೇಡ ಅನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಸರ್ಕಾರ ಆರಂಭಿಸಿದ ಟೆಲಿ-ಮಾನಸ್. ಹಗಲು ರಾತ್ರಿ ಇರುತ್ತದೆ, ಹಣ ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ಸಂಘದ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಿಡಿ, ಮೊಬೈಲ್ ಇಲ್ಲದ ಸದಸ್ಯರಿಗೆ ಫೋನ್ ಹಚ್ಚಿಕೊಡುವವರು ಯಾರೆಂದು ಈ ವಾರದ ಸಭೆಯಲ್ಲೇ ಗೊತ್ತುಮಾಡಿ.